ಕರಡಕ್ಕನ ಪರದೆಗೆ ಕವಿದ ಮಸುಕು

ಬೆಳಕು ಹರಿಯುವ ಮೊದಲೇ ಅಡುಗೆಮನೆಯ ಮೂಲೆಯಲ್ಲಿ ಕಂಪ್ಯೂಟರ್ ಗುಂಯ್‌ಗುಡುತ್ತದೆ. ಶಾಲಾಪುಸ್ತಕಗಳ ಕರಡು ತಿದ್ದುವ ಈ ಹೆಂಗಸಿಗೆ ಅಚ್ಚುಮನೆಯವರಿಟ್ಟ ಹೆಸರು ಕರಡಕ್ಕ. ಒಂದು ಕಣ್ಣು ಹುಟ್ಟಿನಿಂದ ಮಂದ, ಇನ್ನೊಂದಕ್ಕೆ ಪೊರೆಯ ಆಪರೇಷನ್ ಆಗಿದೆ. ಪರದೆಯ ಅಕ್ಷರಗಳು ಹೆಬ್ಬೆರಳ ಉಗುರಿನಷ್ಟು ದೊಡ್ಡವು. ಕಾಗದದ ಕಾಲದಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದವರು ಈಗ ಮೌಸಿನ ಬಾಣ ಇಡುತ್ತಾರೆ. "ಅತ್ತೆ ನನ್ನ ಅಡುಗೆಗೂ ಕರಡು ತಿದ್ದುತ್ತಾರೆ" ಎಂದು ಸೊಸೆ ಒಲೆಯ ಬಳಿಯಿಂದಲೇ ಚುಚ್ಚುತ್ತಾಳೆ.

ಹೋದ ವರ್ಷ ಎಡಿಟರ್ ತಂತ್ರಾಂಶದ ಹೊಸ ಆವೃತ್ತಿ ಬಂತು. ಆಮೇಲೆ ಪುಟದ ನಡುವೆ ಮಸುಕು ಮಚ್ಚೆಯೊಂದು ಕಾಣತೊಡಗಿತು. ಪೊರೆ ಮತ್ತೆ ಬಂತು ಎಂದುಕೊಂಡ ಕರಡಕ್ಕ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಕೆಲಸ ಬೇರೆಯವರ ಪಾಲು. ಗಂಡ ತೀರಿದ ಮೇಲೆ ಮನೆ ನಿಂತಿರುವುದೇ ಅದರ ಮೇಲೆ. ಕಾಣದ ಪದ ಊಹಿಸುವುದು ಕರಡು ತಿದ್ದುವವರಿಗೆ ಪಾಪ. ಆ ಪಾಪವನ್ನೂ ಮಾಡಿದರು.

ಒಂದು ಬೆಳಿಗ್ಗೆ ಕಾಫಿ ತಂದ ಸೊಸೆ ಬೆನ್ನ ಹಿಂದೆ ನಿಂತಳು. "ಅತ್ತೆ, ಅದೇನು ಪರದೆ ಮೇಲೆ ಬೂದಿ ಮೆತ್ತಿದ ಹಾಗಿದೆ?"

"ನಿಂಗೂ ಕಾಣುತ್ತೇನೇ?" ಎಂದ ಕರಡಕ್ಕ ಕನ್ನಡಕ ತೆಗೆದಿಟ್ಟು ಅತ್ತುಬಿಟ್ಟರಂತೆ. ಊಹಿಸಿ ತಿದ್ದಿದ ಪುಟಗಳನ್ನೆಲ್ಲ ಅಂದೇ ತರಿಸಿ ಮತ್ತೆ ಓದಿದರು.

ಮಚ್ಚೆ ಕಣ್ಣಿನದಲ್ಲ, ಟೂಲ್‌ಟಿಪ್‌ನದು. ಬಾಣ ನಿಂತ ಕಡೆ ವಿವರಣೆ ತೋರಿಸಿ ಮರೆಯಾಗಬೇಕಾದ ಪುಟ್ಟ ಚೌಕ ಖಾಲಿಯಾಗಿ ಅಲ್ಲೇ ಅಂಟಿಕೊಂಡಿತ್ತು. ಅದನ್ನು ಆಫ್ ಮಾಡಿ ಸುಮ್ಮನಿರಿ ಎಂದರು ಅಚ್ಚುಮನೆಯವರು. ಕರಡಕ್ಕ ಸುಮ್ಮನಿರಲಿಲ್ಲ, ತಂತ್ರಾಂಶ ಮಾಡಿದವರಿಗೆ ದೂರು ಬರೆದರು. ತಮ್ಮಲ್ಲಿ ಎಲ್ಲ ಸರಿಯಿದೆ ಎಂದು ಅವರು ದೂರು ಮುಚ್ಚಿದರು. ನಾನಾಗಿದ್ದರೆ ಜನ್ಮ ಜಾಲಾಡುತ್ತಿದ್ದೆ. ಈಕೆ ತಮ್ಮ ಕೈಯನ್ನೇ ಗಮನಿಸುತ್ತ ಕೂತರು. ಬಾಣವನ್ನು ಸಾಲಿನ ಕೆಳಗೆ ಬಿಟ್ಟು, ಕೀಲಿಯೊತ್ತಿ ಪುಟ ಸರಿಸಿದಾಗ ಮಾತ್ರ ಚೌಕ ಅಂಟುತ್ತಿತ್ತು. ಬಾಣವನ್ನು ಬೆರಳಾಗಿ ಬಳಸುವವರು ಅಲ್ಲಿ ಯಾರಿದ್ದಾರೆ? ಸೊಸೆ ಫೋನಿನಲ್ಲಿ ವಿಡಿಯೊ ಹಿಡಿದಳು, ಕರಡಕ್ಕ ಮತ್ತೆ ಬರೆದರು. ಈ ಸಲ ಅವರಿಗೂ ಕಂಡಿತು. ಸರಿಪಡಿಸಿದರು.

ಆಫ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ, ಇಷ್ಟು ಒದ್ದಾಟ ಯಾಕೆ ಎಂದು, ಪಕ್ಕದಲ್ಲಿ ಕೂತು ಈ ಕಥೆ ಕೇಳುತ್ತಿರುವ ನಾನು ಕೇಳುತ್ತೇನೆ.

"ನಂಗೆ ಸೊಸೆ ಇದ್ಲು, ನೋಡಿದ್ಲು. ಒಬ್ಬರೇ ಕೂತು ಕೆಲಸ ಮಾಡೋರು, ಕಣ್ಣು ಹೋಯ್ತು ಅಂತ ಬಾಯಿ ಮುಚ್ಕೊಂಡು ಕೂತಿರ್ತಾರಲ್ಲ, ಅವರಿಗೆ ಯಾರು ಹೇಳ್ಬೇಕು?"

ಕರಡಕ್ಕ ಬಾಣವನ್ನು ಸಾಲಿನ ಕೆಳಗಿಟ್ಟು ಪುಟ ಸರಿಸುತ್ತಾರೆ. ಚೌಕ ಮೂಡುತ್ತದೆ, ಮಾಯವಾಗುತ್ತದೆ.

"ಇನ್ಮೇಲೆ ತಪ್ಪು ಉಳಿದ್ರೆ ನನ್ನದೇ" ಎನ್ನುತ್ತಾರೆ. "ಉಳಿಯಲ್ಲ ಬಿಡಿ."