ಅವಳೇ ಹೇಳಲಿ ಎಂದು

ನನ್ನ ತಂಗಿಯ ದನಿಯನ್ನು ನೀವೂ ಕೇಳಿರಬಹುದು. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹನ್ನೊಂದು ವರ್ಷ ಸಾರಿದವಳು ಅವಳೇ. ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ, ಜನ ಗಾಬರಿಬಿದ್ದು ನುಗ್ಗದಂತೆ, ಅವಸರವಿಲ್ಲದೆ ಎರಡೆರಡು ಸಲ ಹೇಳುತ್ತಿದ್ದಳು. ಮನೆಯಲ್ಲಂತೂ ಬಾಯಿಬಡುಕಿ. ನನ್ನನ್ನು ಅಣಕಿಸದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮದುವೆಯಾದ ಮೇಲೆ ಅವಳ ಬಾಯಿ ಮುಚ್ಚಿಸಿದವನು ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದ, ಪುಣ್ಯಾತ್ಮ. ಯಾರ ಮನೆಗೆ ಹೋಗಿ ಬಂದರೂ ಚಪ್ಪಲಿ ಬಿಡುತ್ತಲೇ ಶುರು. "ನೀನಾಡಿದ ಮಾತಿಗೆ ಅವರು ತುಂಬಾ ನೊಂದ್ಕೊಂಡ್ರು ಕಣೇ. ನಿನ್ನೆದುರು ಹೇಳಲ್ಲ, ಅಷ್ಟೇ." ಒಮ್ಮೆ ಅವಳು ನನಗೇ ಫೋನು ಮಾಡಿ, "ಅಕ್ಕಾ, ಅವತ್ತು ಹಾಗಂದಿದ್ದಕ್ಕೆ ಕ್ಷಮಿಸ್ಬಿಡು," ಎಂದು ಅತ್ತಳು. ಏನಂದಿದ್ದಳೋ ನನಗೆ ನೆನಪೇ ಇರಲಿಲ್ಲ. "ತಲೆ ಕೆಟ್ಟಿದೆಯೇನೇ ನಿನಗೆ?" ಎಂದು ಬೈದೆ. ಅವಳು ನಂಬಲಿಲ್ಲ. ಅಕ್ಕ ದೊಡ್ಡ ಮನಸ್ಸಿನವಳು, ಕೇಳಿದರೂ ಒಪ್ಪಿಕೊಳ್ಳಲ್ಲ ಎಂದು ಅವನು ಮೊದಲೇ ಹೇಳಿಟ್ಟಿದ್ದನಂತೆ.

ನಾಲ್ಕು ವರ್ಷದಲ್ಲಿ ಅವಳಿಗೆ ತನ್ನ ನಾಲಿಗೆಯ ಮೇಲೇ ಭಯ ಬಂತು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಅವಳ ಬದಲು ಅವನೇ ಮಾತಾಡತೊಡಗಿದ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಾನು "ಇನ್ನೊಂಚೂರು ಹಾಕ್ಲಾ?" ಎಂದರೆ ಅವಳು ಅವನ ಮುಖ ನೋಡುವಳು. "ಸಾಕಂತೆ ಅತ್ತಿಗೆ," ಎನ್ನುವನು ಅವನು. ಕೊನೆಗೆ, ಗಂಟಲು ಸರಿಯಿಲ್ಲವೆಂದು ಅವಳ ರಾಜೀನಾಮೆಯನ್ನೂ ಅವನೇ ಬರೆದ. ಸಹಿ ಮಾತ್ರ ಅವಳದು. ನನಗೆ ಮೈಯೆಲ್ಲ ಉರಿದುಹೋಯಿತು.

ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿದ್ದಾಗ ಫೋನಿನಲ್ಲಿ ಪಿಸುಗುಟ್ಟಿದಳು. "ಅಕ್ಕಾ, ನಾಲ್ಕು ಹೆಜ್ಜೆ ನಡೆದ್ರೆ ಎದೆ ಹಿಂಡಿದ ಹಾಗಾಗುತ್ತೆ. ಎಡಗೈ ಸೋತುಹೋಗುತ್ತೆ. ಇವರು ಗ್ಯಾಸು ಅಂತಾರೆ. ಡಾಕ್ಟರ್ ಹತ್ರ ನೀನೇ ಹೇಳ್ಬಿಡ್ತೀಯಾ?"

ನಾನೂ ಅವನ ಹಾಗೆ ಇವಳ ಬಾಯಾಗಬೇಕೇ ಎಂದು ರೇಗಿತು. "ಜೊತೆಗೆ ಬರ್ತೀನಿ. ಆದ್ರೆ ನಿನ್ನ ನೋವು ನೀನೇ ಹೇಳ್ಬೇಕು. ನಾನು ತುಟಿ ಬಿಚ್ಚಲ್ಲ," ಎಂದೆ. ಒಂದೇ ಒಂದು ಸಲ ಅವನೆದುರು ಬಾಯಿಬಿಟ್ಟರೆ ಇವಳು ಗೆದ್ದಳು ಎಂದುಕೊಂಡಿದ್ದೆ.

ಅವನೂ ಜೊತೆಗೆ ಬಂದ. ಡಾಕ್ಟರು ಕೇಳಿದರು, "ಏನಮ್ಮಾ, ಎಲ್ಲಿ ನೋವು?"

"ಗ್ಯಾಸು ಡಾಕ್ಟ್ರೇ. ಹೊತ್ತಿಗೆ ಸರಿಯಾಗಿ ತಿನ್ನಲ್ಲ," ಎಂದು ಅವನು ನಕ್ಕ.

"ಅವರೇ ಹೇಳ್ಲಿ ಬಿಡಿ," ಎಂದರು ಡಾಕ್ಟರು.

ಅವಳು ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು. ಆ ಕಣ್ಣು ಬೇಡುತ್ತಿತ್ತು, ನನಗೆ ಗೊತ್ತಾಯಿತು. ಹಲ್ಲು ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ.

"ಹೂಂ, ಗ್ಯಾಸೇ," ಎಂದಳು. ಡಾಕ್ಟರು ಮಾತ್ರೆ ಬರೆದರು.

ಮೂರನೆಯ ದಿನ ಬಟ್ಟೆ ಒಣಹಾಕಲು ಮಹಡಿಗೆ ಹೋದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣದ ಪಕ್ಕ ಕೂತು ಅವನು ಬಂದವರಿಗೆಲ್ಲ ಹೇಳುತ್ತಿದ್ದ. "ಎದೆನೋವು ಅಂತ ಒಂದು ಮಾತು ಹೇಳ್ಲಿಲ್ಲ ನೋಡಿ. ಹೇಳಿದ್ರೆ ಸುಮ್ನಿರ್ತಿದ್ನಾ? ಅತ್ತಿಗೆ, ನೀವೂ ಅಲ್ಲೇ ಇದ್ರಲ್ಲ, ನೀವೇ ಹೇಳಿ."

ಹಸಿ ಸುಳ್ಳು. ಅವನ ಕೊರಳಪಟ್ಟಿ ಹಿಡಿಯಬೇಕೆಂದು ಎದ್ದೆ. ಎಲ್ಲರೂ ನನ್ನತ್ತ ತಿರುಗಿದರು. ನನಗೆ ಹೇಳಿದ್ದಳು ಎಂದರೆ, ಮತ್ತೆ ನೀವ್ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾರೆ.

"ಹೌದು," ಎಂದೆ. "ಅವಳು ಏನೂ ಹೇಳ್ಲಿಲ್ಲ."