ಮುಕುಂದನ ಲ್ಯಾಪ್‌ಟಾಪಿಗೆ ಹೊಸ ಪ್ರೊಸೆಸರ್

ಮೃದುಲಾ ತೀರಿಕೊಂಡು ಆರು ತಿಂಗಳಾದರೂ ಮುಕುಂದ ಅತ್ತಿರಲಿಲ್ಲ. ಮುಳಬಾಗಿಲಿನ ಅವನ ಬೀದಿಗೆಲ್ಲ ಇದು ಗೊತ್ತಿತ್ತು, ಯಾಕೆಂದರೆ ಮನೆಯಲ್ಲಿದ್ದ ಸೋದರತ್ತೆ ಗುಂಡಮ್ಮನ ಬಾಯಿಗೆ ಬೀಗವಿರಲಿಲ್ಲ. "ಕಟ್ಕೊಂಡ ಹೆಂಡ್ತಿ ಹೋದ್ಲು, ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ಕಣೇ ಇವ್ನು," ಎಂದು ಆಕೆ ಪಕ್ಕದ ಮನೆಯವರಿಗೆ ಹೇಳುವುದು ಅವನ ಕಿವಿಗೂ ಬೀಳುತ್ತಿತ್ತು. ಬಿದ್ದರೆ ಬಿತ್ತು. ಅಳಬಾರದೆಂದು ಅವನೇನೂ ಹಟ ಹಿಡಿದಿರಲಿಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ. ಬಡಿಸಿದ್ದನ್ನು ತಿನ್ನುತ್ತಿದ್ದ, ಅಂಗಡಿಯವರ ಲೆಕ್ಕ ಬರೆದುಕೊಡುತ್ತಿದ್ದ, ಮಲಗುತ್ತಿದ್ದ.

ಲೆಕ್ಕ ಬರೆಯುತ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ. ಕೆಲವು ವರ್ಷದ ಹಿಂದೆ ಮೃದುಲಾ ಬೆನ್ನು ಬಿದ್ದು ಕೊಡಿಸಿದ್ದ ತೆಳ್ಳಗಿನ ಯಂತ್ರ. ಎರಡು ಸಾವಿರದ ಒಂಬತ್ತರ ಆ ಬೇಸಿಗೆಯಲ್ಲಿ ಅದು ಕಾದ ಹೆಂಚಿನಂತೆ ಬಿಸಿಯಾಗತೊಡಗಿತು. ಒಂದು ಬಿಲ್ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಗೊಬ್ಬರದಂಗಡಿಯ ವೆಂಕಟರಾಯಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಏನ್ ಸ್ವಾಮಿ, ಇನ್ನೂ ಈ ಎತ್ತಿನ ಗಾಡೀನೇ ಹೊಡೀತಿದ್ದೀರಾ? ಬಿಸಾಕಿ ಹೊಸದು ತಗೊಳ್ಳಿ. ಇಲ್ದಿದ್ರೆ ನಾನು ಬೇರೆಯೋರ್ನ ನೋಡ್ಕೋತೀನಿ."

ಬಿಸಾಕುವ ಮಾತು ಮುಕುಂದನಿಗೆ ಹಿಡಿಸಲಿಲ್ಲ. ಯಾಕೆಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಅವಳ ಸೀರೆಗಳನ್ನೆಲ್ಲ ಗುಂಡಮ್ಮ ಹಂಚುವಾಗ ಸುಮ್ಮನೆ ನೋಡುತ್ತ ಕೂತಿದ್ದವನಿಗೆ, ಇದೊಂದನ್ನು ಮಾತ್ರ ಬಿಡಲಾರೆ ಎನ್ನಿಸಿತು. ಹಿಂದೊಮ್ಮೆ ಅವನ ಡೆಸ್ಕ್‌ಟಾಪ್ ನಿಧಾನವಾದಾಗ ಪ್ರೊಸೆಸರ್ ಒಂದನ್ನೇ ತೆಗೆಸಿ ಹೊಸದು ಕೂರಿಸಿ, ಮತ್ತಷ್ಟು ವರ್ಷ ದುಡಿಸಿದ್ದ. ಇದಕ್ಕೂ ಹಾಗೇ ಮಾಡಿಸಿದರಾಯಿತೆಂದು ಒಂದು ಬೆಳಿಗ್ಗೆ ಕೋಲಾರದ ಬಸ್ಸು ಹತ್ತಿದ.

ರಿಪೇರಿ ಅಂಗಡಿಯ ಅಂಜಿ ಬೈರಕೂರಿನವನು. ಕೈ ನಿಂತರೂ ಬಾಯಿ ನಿಲ್ಲದ ಆಸಾಮಿ. ತಳದ ಸ್ಕ್ರೂಗಳನ್ನು ಬಿಚ್ಚಿ ಇಣುಕಿ ನೋಡಿದ.

"ಆಗಲ್ಲ ಸಾರ್. ಡೆಸ್ಕ್‌ಟಾಪಲ್ಲಾದ್ರೆ ಕಿತ್ತು ಹಾಕ್ಬೋದು. ಕೆಲವು ಲ್ಯಾಪ್‌ಟಾಪಲ್ಲೂ ಆಗ್ತೈತೆ. ಇದ್ರಲ್ಲಿ ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟವ್ರೆ. ಬದಲಾಯಿಸ್ಬೇಕು ಅಂದ್ರೆ ಬೋರ್ಡೇ ಬದಲಾಯಿಸ್ಬೇಕು. ಅದು ಹೋದ್ಮೇಲೆ ಇನ್ನೇನು ಉಳೀತು, ಬರೀ ಡಬ್ಬ."

"ಹಾಗಾದ್ರೆ ಮುಚ್ಚಿ ಕೊಡಪ್ಪ," ಎಂದ ಮುಕುಂದ. ಅವನಿಗೆ ಬೇಸರವೂ ಆಗಲಿಲ್ಲ. ಡಾಕ್ಟರು ಮೃದುಲಾಳನ್ನು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಾಗಲೂ ಹೀಗೇ ತಲೆಯಾಡಿಸಿ ಎದ್ದು ಬಂದಿದ್ದ.

"ಉಂಡಂಡಿ, ಸ್ವಲ್ಪ ಇರಿ ಸಾರ್." ತೆಲುಗು ಬೆರೆಸಿ ತಡೆದ ಅಂಜಿ ಒಳಗಿನ ಫ್ಯಾನನ್ನು ಎತ್ತಿ ಬೆಳಕಿಗೆ ಹಿಡಿದ. ಗಾಳಿಯಾಡುವ ಸಂದಿಗಳಲ್ಲಿ ಕೆಂಪಗೆ ಏನೋ ಹೆಪ್ಪುಗಟ್ಟಿತ್ತು. "ಇದೇನ್ ಸಾರ್ ಇದು, ಕುಂಕುಮ. ಅರಿಶಿನಾನೂ ಐತೆ. ಉಸಿರು ಕಟ್ಟಿ, ಬಿಸಿಯಾಗಿ ನಿಧಾನ ಆಗೈತೆ ಅಷ್ಟೆ. ಪ್ರೊಸೆಸರ್ ಗುಂಡುಕಲ್ಲಿನಂಗೈತೆ."

ಮುಕುಂದನಿಗೆ ಕೂಡಲೇ ತಿಳಿಯಿತು. ಯಂತ್ರ ತಂದ ಹೊಸದರಲ್ಲಿ ಮೃದುಲಾ ಶುಕ್ರವಾರ ಹೊಸ್ತಿಲಿಗೆ ಇಟ್ಟ ಕೈಯಲ್ಲೇ ಅದರ ಮುಚ್ಚಳಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದಳು. ಗಿರಾಕಿಗಳ ಮುಂದೆ ಮಾನ ಹೋಗುತ್ತದೆಂದು ಅವನು ರೇಗಿದ್ದ. "ಸರಿ, ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ ಬಿಡಿ," ಅಂದಿದ್ದಳು. ಬಿಟ್ಟಳೆಂದೇ ಅವನು ತಿಳಿದಿದ್ದ. ಎಲ್ಲಿ ಬಿಟ್ಟಾಳು ಮಹಾತಾಯಿ; ಅವನು ನೋಡದ ಹಿಂಬದಿಗೆ, ಗಾಳಿಕಿಂಡಿಯ ಮಗ್ಗುಲಿಗೆ ಇಡುತ್ತಲೇ ಬಂದಿದ್ದಳು. ಹಾಸಿಗೆ ಹಿಡಿಯುವವರೆಗೂ ಇಟ್ಟಿರಬೇಕು.

ಏನೋ ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಂಜಿ ಫ್ಯಾನನ್ನು ಬಾಗಿಲಿಗೆ ಒಯ್ದು ಬ್ಲೋಯರ್ ಹಿಡಿದಾಗಿತ್ತು. ಕೆಂಪು ಪುಡಿ ಹಾರಿ ರಸ್ತೆಯ ಧೂಳಿನಲ್ಲಿ ಬೆರೆತುಹೋಯಿತು. ಒಂದು ಚಿಟಿಕೆಯಾದರೂ ಉಳಿಸಪ್ಪ ಎಂದು ಕೇಳಬೇಕಿತ್ತು, ಕೇಳಲಾಗಲಿಲ್ಲ. ಅವಳು ಹೋದ ಮೇಲೆ ಮೊದಲ ಸಲ ಅವನಿಗೆ ನೋವಾಯಿತು.

ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಲ್ಯಾಪ್‌ಟಾಪ್ ಚಕಚಕನೆ ತೆರೆದುಕೊಂಡಿತು. ಅಂಜಿಗೆ ಖುಷಿಯೋ ಖುಷಿ.

"ನೋಡಿ ಸಾರ್, ಇನ್ನೂ ಮೂರ್ನಾಕು ವರ್ಷ ಅಲ್ಲಾಡಲ್ಲ. ಮನೇಲಿ ಅಮ್ಮೋರಿಗೆ ಮಾತ್ರ ಒಂದ್ ಮಾತು ಹೇಳ್ಬಿಡಿ, ಇನ್ಮೇಲೆ ಕುಂಕುಮ ಇಡ್ಬೇಡಿ ಅಂತ."

"ಹೇಳ್ತೀನಿ," ಎಂದ ಮುಕುಂದ.