ಹಿಂದಿನ ಬೆಂಚಿನ ಫ್ಯಾನು

ಶಾಲೆಯ ಮಕ್ಕಳು ಅವನಿಗೆ ಇಟ್ಟ ಹೆಸರು ಕುಕ್ಕರ್. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ಹೆಸರು ಎಷ್ಟು ಸರಿ ಎಂಬುದನ್ನು ಇಡೀ ಬೀದಿಗೆ ಕೇಳಿಸುವ ಹಾಗೆ ಅವತ್ತೇ ತೋರಿಸಿಕೊಟ್ಟುಬಿಡುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನ ಕಡೆ ಬೆರಳು ತೋರಿಸುವ ಹಾಗಿರಲಿಲ್ಲ. ಆ ಶಾಲೆಯ ಮಹಡಿಯ ಕೋಣೆಗಳಿಗೆ ಸಿಮೆಂಟ್ ಶೀಟಿನ ಚಾವಣಿ. ಬೇಸಿಗೆಯಲ್ಲಿ ಬಿಸಿಲು ಅದರ ಮೇಲೆ ಜಾಂಡಾ ಊರಿತೆಂದರೆ ಒಳಗೆ ಕೂತವರ ನೆತ್ತಿ ಕಾದ ಹೆಂಚು. ರಿಪೇರಿ ಕೆಲಸಕ್ಕೆಂದು ಸೇರಿಕೊಂಡ ಮೊದಲ ಬೇಸಿಗೆಯಲ್ಲೇ ಅವನು ಏಣಿ ಹಾಕಿ ಹತ್ತಿ ಶೀಟಿಗೆಲ್ಲ ದಪ್ಪಗೆ ಸುಣ್ಣ ಬಳಿದಿದ್ದ. ಬಿಸಿಲು ಹೊಡೆಯುವ ಕಡೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಅವು ಒಣಗದ ಹಾಗೆ ದಿನವಿಡೀ ನೀರು ಚಿಮುಕಿಸುತ್ತಿದ್ದ. ಯಾವ ಹೊತ್ತಿಗೆ ಯಾವ ಕಿಟಕಿ ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ನನ್ನ ಶಾಲೇಲಿ ಒಂದು ಮಗು ಸೆಕೆ ಅಂತ ಬಿದ್ರೆ ನನ್ನ ಮುಖಕ್ಕೆ ಉಗೀರಿ" ಎಂದು ದೊಡ್ಡ ಮೇಡಂ ಎದುರಿಗೇ ಹೇಳುತ್ತಿದ್ದ. ಶಾಲೆ ನಡೆಸುವ ದೊಡ್ಡ ಮೇಡಂ ನಕ್ಕು ಸುಮ್ಮನಾಗುತ್ತಿದ್ದರು.

ತೊಂದರೆಯೆಲ್ಲ ಬಾಯಿಯದು. ಏನೇ ಕೆಡಲಿ, ಯಾರೇ ಬಂದು ಹೇಳಲಿ, ಅವನ ಮೊದಲ ಮಾತು ಒಂದೇ: "ಯಾರು ಮುಟ್ಟಿದ್ದು?" ಹೇಳಲು ಬಂದವರೇ ಕೆಡಿಸಿದವರು ಎಂಬಂತೆ ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ಲುತ್ತಿದ್ದ. ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ತಿಳಿಸಲು ಬಂದ ಹುಡುಗನೊಬ್ಬ ಆ ಕಣ್ಣು ನೋಡಿ, ತಾನೇ ಮುರಿದೆ ಎಂದು ಒಪ್ಪಿಕೊಂಡು ಅಳುತ್ತಾ ಹೋಗಿದ್ದ. ಪಾಪ, ಅವನು ಆ ಚಿಲಕದ ಹತ್ತಿರವೂ ಸುಳಿದಿರಲಿಲ್ಲ. ಸ್ವಿಚ್ಚಾಗಲಿ ಕಿಟಕಿಯಾಗಲಿ ತನ್ನನ್ನು ಬಿಟ್ಟು ಯಾರೂ ಮುಟ್ಟಕೂಡದು ಎಂಬುದು ಅವನು ಮಾಡಿದ್ದ ಕಾನೂನು.

ಆ ಬೇಸಿಗೆಯಲ್ಲಿ ಮಹಡಿಯ ಕೊನೆಯ ಕೋಣೆಗೆ ಪಾಠ ಹೇಳಲು ಹೊಸ ಮೇಡಂ ಒಬ್ಬರು ಬಂದಿದ್ದರು. ಇನ್ನೂ ಎಳೆಯ ವಯಸ್ಸು. ಅವನ ಮಗಳ ಮಗಳು ಗುಬ್ಬಿ ಓದುತ್ತಿದ್ದದ್ದೂ ಅದೇ ಕೋಣೆಯಲ್ಲಿ. ಅಲ್ಲಿ ಎರಡು ಫ್ಯಾನು, ಒಂದು ಮುಂದೆ, ಒಂದು ಹಿಂದೆ. ಒಂದು ದಿನ ಆ ಮೇಡಂ ಮೆಟ್ಟಿಲಿಳಿದು ಬಂದು ಅವನ ಮುಂದೆ ನಿಂತರು.

"ಅಣ್ಣಾ, ಹಿಂದಿನ ಫ್ಯಾನು ಮಧ್ಯಾಹ್ನ ಆದ್ರೆ ನಿಂತುಬಿಡುತ್ತೆ."

"ಬೆಳಿಗ್ಗೆ ನಾನೇ ಒಳಗೆ ಹೋಗಿ ನೋಡಿದ್ದೀನಿ, ಚೆನ್ನಾಗಿ ತಿರುಗ್ತಿತ್ತು. ಯಾರು ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲ."

"ಯಾರೂ ಮುಟ್ಟದೆ ಅದಕ್ಕೇನು ಊಟ ಆದ್ಮೇಲೆ ನಿದ್ದೆ ಬರುತ್ತಾ? ನೋಡಿ ಮೇಡಂ, ಪಾಠ ನಿಮ್ಮದು, ಫ್ಯಾನು ನಂದು. ನಿಮ್ಮ ಪಾಠಕ್ಕೆ ನಾನು ಬಂದು ತಪ್ಪು ಹುಡುಕ್ತೀನಾ?"

ಆಟದ ಬಯಲಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದರು. ಮೇಡಂ ಮುಖ ಕೆಂಪಾಯಿತು. ಮತ್ತೆ ಅವರು ಆ ವಿಷಯ ಎತ್ತಲಿಲ್ಲ.

ಆದರೆ ಫ್ಯಾನು ನಿಜವಾಗಿಯೂ ನಿಲ್ಲುತ್ತಿತ್ತು. ಬೆಳಗಿನ ತಂಪಿನಲ್ಲಿ ತಿರುಗಿ, ಶೀಟು ಕಾದು ತಾನೂ ಕಾದ ಮೇಲೆ ಮುಷ್ಕರ ಹೂಡುತ್ತಿತ್ತು. ಅವನು ಮಧ್ಯಾಹ್ನ ಗೋಣಿಗೆ ನೀರು ಹಾಕಲು ಬಂದಾಗ ಬಾಗಿಲಿಂದ ಇಣುಕುತ್ತಿದ್ದ. ಮುಂದಿನ ಫ್ಯಾನು ಗರಗರ ತಿರುಗುವುದು ಕಾಣುತ್ತಿತ್ತು, ಹಿಂದಿನದಕ್ಕೆ ತೊಲೆ ಅಡ್ಡ. ಎರಡು ಹೆಜ್ಜೆ ಒಳಗಿಟ್ಟಿದ್ದರೆ ಸಾಕಿತ್ತು. ಮೇಡಂ ಹೇಳಿದ್ದರಿಂದಲೇ ಇಡಲಿಲ್ಲ. ಇಟ್ಟರೆ ಅವರ ಮಾತು ಕೇಳಿದ ಹಾಗಾಗುತ್ತಿತ್ತಲ್ಲ.

ಅವತ್ತು ಗಾಳಿಯೇ ಇರಲಿಲ್ಲ. ಬಕೆಟ್ಟು ಹಿಡಿದು ಅವನು ಮಹಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಕೊನೆಯ ಕೋಣೆಯಿಂದ ಪಟಪಟ ಸದ್ದು ಬರುತ್ತಿತ್ತು, ಪಾರಿವಾಳದ ಹಿಂಡು ರೆಕ್ಕೆ ಬಡಿದ ಹಾಗೆ. ಅಷ್ಟರಲ್ಲಿ ಒಳಗಿಂದ ಒಂದು ಪಿಸುದನಿ ಬಂತು: "ಲೇ, ಕುಕ್ಕರ್ ಕೂಗ್ತು." ಪಟಪಟ ಸದ್ದು ಗಕ್ಕನೆ ನಿಂತಿತು.

ಅವನು ಬಾಗಿಲಿಗೆ ಬಂದಾಗ ಮಕ್ಕಳೆಲ್ಲ ಕೈಕಟ್ಟಿ ಬೊಂಬೆಗಳ ಹಾಗೆ ಕೂತಿದ್ದರು. ಪ್ರತಿ ಮಗುವಿನ ಮುಂದೆಯೂ ಬೀಸಿ ಬೀಸಿ ಮುದುರಿದ ಪುಸ್ತಕ. ಮುಖಗಳು ಬೆವರಿನಲ್ಲಿ ತೊಳೆದ ಹಾಗಿದ್ದವು. ಕುಕ್ಕರ್ ಎಂದರೆ ಯಾರು ಎಂದು ಅವನಿಗೆ ಹೊಳೆಯುವ ಮೊದಲೇ, ಕೊನೆಯ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಎರಡು ಜಡೆಯ ಹುಡುಗಿ ಒಂದು ಪಕ್ಕಕ್ಕೆ ವಾಲಿ ನೆಲಕ್ಕೆ ಜಾರಿದಳು.

ಬಕೆಟ್ಟು ಬಾಗಿಲಲ್ಲೇ ಇಟ್ಟು ಓಡಿದ. ಆಗಲೇ ಅವನು ತೊಲೆಯ ಆಚೆ ಬಂದದ್ದು. ತಲೆ ಮೇಲೆ ಫ್ಯಾನಿನ ಮೂರು ರೆಕ್ಕೆ ಸತ್ತ ಹಕ್ಕಿಯ ರೆಕ್ಕೆಯ ಹಾಗೆ ಸುಮ್ಮನಿದ್ದವು. ಅಲ್ಲಿನ ಕಾವು ಒಲೆಯ ಬಾಯಿಯ ಮುಂದೆ ಕೂತ ಹಾಗಿತ್ತು. ಹುಡುಗಿಯನ್ನು ಎತ್ತಿಕೊಂಡ. ಮೈ ಸುಡುತ್ತಿತ್ತು. ಕೆಳಗಿನ ಕೋಣೆಗೆ ತಂದು ಮಲಗಿಸಿ, ಹೊಸ ಮೇಡಂ ಹಿಂದೆಯೇ ಹೊತ್ತು ತಂದ ಗೋಣಿಯ ನೀರಿನಲ್ಲೇ ಬಟ್ಟೆ ಅದ್ದಿ ಕುತ್ತಿಗೆಗೆ, ಕೈಕಾಲಿಗೆ ಸುತ್ತಿದ. ಹೊಸ ಮೇಡಂ ಪಕ್ಕದಲ್ಲಿ ಕೂತು ಗಾಳಿ ಬೀಸಿದರು. ಅವರು ಅವನ ಮುಖ ನೋಡಲಿಲ್ಲ. ಹಳೆಯದನ್ನೆಲ್ಲ ಎತ್ತಿ ಅಂದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿತ್ತು.

ಡಾಕ್ಟರು ಬರುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದ್ದಳು. ಬೇಗ ತಂಪು ಮಾಡಿದ್ದು ಒಳ್ಳೆಯದಾಯಿತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಲ್ಲಿಂದ ಶುರುವಾಯಿತು ಹೊಗಳಿಕೆ. ದೊಡ್ಡ ಮೇಡಂ ಬಂದು, "ನೀವು ಆ ಹೊತ್ತಿಗೆ ಮೇಲೆ ಹೋಗದೆ ಇದ್ದಿದ್ರೆ ಏನು ಗತಿ" ಎಂದರು. ಹುಡುಗಿಯ ತಾಯಿ ಅಂಗಡಿಯ ಕೆಲಸ ಬಿಟ್ಟು ಓಡಿಬಂದವಳು, ಮಗಳನ್ನು ತಬ್ಬಿಕೊಂಡು ಅತ್ತು, ಆಮೇಲೆ ಅವನ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಳು.

"ಅಣ್ಣಾ, ನನ್ನ ಮಗೂನ ಉಳಿಸಿಕೊಟ್ರಿ."

"ಕೈ ಮುಗೀಬೇಡಮ್ಮಾ" ಎಂದು ಅವನು ಗುಡುಗಿದ. ಸಂಕೋಚದಲ್ಲೂ ಅವನ ಗಂಟಲಿಗೆ ಗೊತ್ತಿದ್ದದ್ದು ಅದೊಂದೇ ದನಿ. ಆಕೆ ಬೆಚ್ಚಿ ಹಿಂದೆ ಸರಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಒಟ್ಟಿಗೆ ಕತ್ತು ಒಳಗೆಳೆದುಕೊಂಡರು. ಆ ಗುಂಪಿನಲ್ಲಿ ಗುಬ್ಬಿಯೂ ಇದ್ದಳು. ಎಲ್ಲರಿಗಿಂತ ಮೊದಲು ತಲೆ ತಗ್ಗಿಸಿದವಳು ಅವಳೇ.

ಫ್ಯಾನು ಕೆಟ್ಟಿದ್ದು ನನಗೆ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನಬೇಕು. ಅಷ್ಟೇ. ಇಷ್ಟು ವರ್ಷ ಯಾರನ್ನೂ ಬಿಡದೆ ಮಾತಾಡಿದವನಿಗೆ ಅವತ್ತು ನಾಲ್ಕು ಮಾತು ಸಿಗಲಿಲ್ಲ. ಏಣಿ ಹೆಗಲಿಗೇರಿಸಿಕೊಂಡು ಮಹಡಿಗೆ ಹೋಗಿಬಿಟ್ಟ.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಗುಬ್ಬಿ ಅವನಿಗಿಂತ ಸ್ವಲ್ಪ ಹಿಂದೆಯೇ ನಡೆಯುತ್ತಿದ್ದಳು.

"ಫ್ಯಾನು ನಿಲ್ಲೋದು ನಿಂಗೆ ಗೊತ್ತಿತ್ತಾ?"

"ಹೂಂ."

"ಹೇಳ್ಬಾರದಿತ್ತಾ ನಂಗೆ?"

ಅವಳು ಚೀಲದ ಪಟ್ಟಿ ಜಗ್ಗಿದಳು. ಆಮೇಲೆ, "ಬೆಲ್ಲು ಹೊಡೆದಾಗೆಲ್ಲ ಹಿಂದಿನವರು ಮುಂದಕ್ಕೆ ಬರ್ತಾರೆ ತಾತಾ, ಪಾಳಿ ಮೇಲೆ" ಎಂದಳು.

"ನೀನೂ ಬರ್ತಿದ್ದೆ ತಾನೇ?"

"ನಂಗೆ ಪಾಳಿ ಇಲ್ಲ. ನಿಮ್ಮ ತಾತನ ಫ್ಯಾನು ಅಲ್ವಾ, ನೀನೇ ಅನುಭವಿಸು ಅಂತಾರೆ." ಸ್ವಲ್ಪ ದೂರ ನಡೆದ ಮೇಲೆ, "ಇವತ್ತು ನಂಗೆ ತಲೆನೋವು ಅಂತ, ಬಿದ್ದಳಲ್ಲ ಅವಳೇ ನನ್ನ ಜಾಗಕ್ಕೆ ಬಂದ್ಲು" ಎಂದಳು.

ದಿನಾ ಸಂಜೆ ಈ ಮಗು ತಲೆನೋವು ಎಂದು ಮಲಗುತ್ತಿದ್ದದ್ದು ಅವನಿಗೆ ನೆನಪಾಯಿತು. ಓದೋದಕ್ಕೆ ಕಳ್ಳಾಟ ಎಂದು ಬೈದಿದ್ದೂ ನೆನಪಾಯಿತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಬೀದಿಯಲ್ಲಿ ಯಾರೋ ನಮಸ್ಕಾರ ಹೇಳಿದರು. ಮಗುವನ್ನು ಉಳಿಸಿದ ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. ಅವನು ತಲೆ ಎತ್ತದೆ ದಾಟಿಹೋದ.

ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಅಡುಗೆಮನೆಯಿಂದಲೇ ಕೇಳಿಸಿಕೊಂಡಳು.

"ಮಕ್ಕಳು ಪಾಪ, ನನ್ನ ಹೆಜ್ಜೆ ಸದ್ದಿಗೆ ಗಾಳಿ ಬೀಸೋದು ನಿಲ್ಲಿಸ್ತಾರೆ ಕಣೇ. ಅಷ್ಟು ಹೆದರೋ ಅಂಥದ್ದು ನನ್ನಲ್ಲಿ ಏನಿದೆ?"

ಒಳಗಿಂದ ಸೌಟಿನ ಸದ್ದು ಬಂತು.

"ಏನೇ, ನಿನ್ನನ್ನೇ ಕೇಳಿದ್ದು."

"ಒಳಗೆ ಬನ್ನಿ ಇಲ್ಲಿ" ಎಂದಳು.

ಅವನು ಅಡುಗೆಮನೆಗೆ ಕಾಲಿಡುತ್ತಿದ್ದದ್ದೇ ಅಪರೂಪ. ಹೊಸ್ತಿಲಲ್ಲೇ ಕಾವು ಮುಖಕ್ಕೆ ರಾಚಿತು. ಒಲೆಯ ಮೇಲಿನ ಗೋಡೆಯಲ್ಲಿ ಹೊಗೆ ಎಳೆಯುವ ಫ್ಯಾನು ಜಿಡ್ಡು ಹಿಡಿದು, ಜೇಡರ ಬಲೆ ಕಟ್ಟಿಕೊಂಡು ನಿಂತಿತ್ತು. ಹೆಂಡತಿಯ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

"ಇದು ಯಾವಾಗಿಂದ?"

"ಹೋದ ಬೇಸಿಗೆಯಿಂದ."

"ಯಾರು..." ಎಂದು ಬಾಯಿ ತಾನಾಗಿಯೇ ಶುರುಮಾಡಿತು. ಹೆಂಡತಿ ಸೌಟು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಉಳಿದ ಮಾತನ್ನು ಅವನು ಕಹಿ ಔಷಧಿಯ ಹಾಗೆ ನುಂಗಿಕೊಂಡ.

"ಕೇಳಿ, ಕೇಳಿ. ನಾನೇ ಮುಟ್ಟಿದ್ದು ಅಂತ ಒಪ್ಪಿಕೊಂಡುಬಿಡ್ತೀನಿ" ಎಂದಳು ಅವಳು. ನಗು ಬಂದದ್ದು ಗುಬ್ಬಿಗೆ ಮಾತ್ರ, ಅದನ್ನೂ ಅವಳು ಕೈಯಿಂದ ಮುಚ್ಚಿಕೊಂಡಳು.

ಸ್ಟೂಲು ಎಳೆದು ಹತ್ತಿ ಬೆವರು ಸುರಿಸುತ್ತಾ ಆ ಫ್ಯಾನು ಬಿಚ್ಚಿದ. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಅದೊಂದು ಅನುಕೂಲ.

ಮಾರನೆಯ ಬೆಳಿಗ್ಗೆ ಮೊದಲ ಬೆಲ್ಲಿಗೆ ಮೊದಲೇ ದೊಡ್ಡ ಮೇಡಂ ಕೋಣೆಗೆ ಹೋದ. ಹೊಸ ಮೇಡಂ ಅಲ್ಲೇ ಹಾಜರಿ ಹಾಕುತ್ತಿದ್ದರು. "ಫ್ಯಾನು ಕೆಟ್ಟಿದೆ ಅಂತ ಇವರು ಹೇಳಿದ್ರು. ನಾನು ಇವರನ್ನೇ ಬೈದು ಕಳಿಸಿದೆ. ಮಗು ಬಿದ್ದಿದ್ದು ನನ್ನಿಂದ. ಅದರ ತಾಯಿಗೂ ಹೋಗಿ ಹೇಳ್ತೀನಿ" ಎಂದ. ದನಿ ಎಷ್ಟು ಸಣ್ಣಗಿತ್ತೆಂದರೆ ದೊಡ್ಡ ಮೇಡಂ ಇನ್ನೊಮ್ಮೆ ಹೇಳಿಸಿದರು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಮುಖಕ್ಕೆ ಮಾತ್ರ ಯಾರೂ ಉಗಿಯಲಿಲ್ಲ. ಹೊಸ ಮೇಡಂ ತಲೆಯಾಡಿಸಿ ಹೊರಗೆ ಹೋದರು.

ಮಧ್ಯಾಹ್ನ ಬಿಸಿಲು ಏರಿದ ಮೇಲೆ ಅವನು ಕೊನೆಯ ಕೋಣೆಗೆ ಹೋಗಿ, ಅಪ್ಪಣೆ ಕೇಳಿ, ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತ. ಹೊಸದಾಗಿ ಹಾಕಿದ ಫ್ಯಾನು ತಿರುಗುತ್ತಿತ್ತು. "ಇನ್ನೇನಾದ್ರೂ ಕೆಟ್ಟಿದ್ಯಾ ಮಕ್ಕಳೇ?" ಎಂದು ಕೇಳಿದ.

ಎಲ್ಲರೂ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಿದ್ದರು. ಕಾದ. ಇನ್ನೆಷ್ಟು ದಿನ ಹೀಗೆ ಬಂದು ಕೂರಬೇಕೋ ಎಂದುಕೊಂಡು ಏಳುವ ಹೊತ್ತಿಗೆ, ಗುಬ್ಬಿಯ ಕೈ ಅರ್ಧ ಮೇಲಕ್ಕೆದ್ದಿತು.

"ಈ ಕಿಟಕಿ ತೆರೆಯೋಕೆ ಬರಲ್ಲ ತಾತಾ. ನಾನು ಮುಟ್ಟಿಲ್ಲ."

"ಮುಟ್ಟಿದ್ರೂ ಪರವಾಗಿಲ್ಲ ಕಣಮ್ಮ" ಎಂದು ಅವನು ಜೇಬಿನಲ್ಲಿ ಸ್ಕ್ರೂಡ್ರೈವರ್ ಹುಡುಕಿದ. ಕಿಟಕಿಯ ಹತ್ತಿರ ಹೋಗಿ, ಎಲ್ಲಿ ಹಿಡಿಯುತ್ತದೆ ಎಂದು ಅವಳನ್ನೇ ಕೇಳಿದ.